ಎಡಗಡೆ ನಿಲ್ಲುವ ಬಲಗೈ ಬ್ಯಾಕ್‌ಗೆ ಈ ಹಾಕಿ ಕೋಲು ಬೇಡ: ಏಳು ತಿಂಗಳು ಆಡಿದ ಮೇಲಿನ ರಿವ್ಯೂ

ಮೊದಲೇ ಹೇಳಿಬಿಡುತ್ತೇನೆ, ಕೋಲು ಕೆಟ್ಟದ್ದಲ್ಲ. ನಾನು ಬ್ಯಾಕ್, ಅಂದರೆ ಹಿಂದೆ ನಿಂತು ಎದುರಿನವರನ್ನು ತಡೆಯುವವನು. ನಾನು ನಿಲ್ಲುವ ಜಾಗಕ್ಕೆ ಅದು ಸರಿಯಾದ ಕೋಲಲ್ಲ, ಅಷ್ಟೆ. ಇದು ತಲೆಗೆ ಹೊಳೆಯುವ ಹೊತ್ತಿಗೆ ₹7,200 ಹೋಗಿತ್ತು, ಮೇಲಿನಿಂದ ಎರಡು ಇಂಚು ಕತ್ತರಿಸಿಯೂ ಆಗಿತ್ತು, ಹಾಗಾಗಿ ವಾಪಸ್ ಕಳಿಸುವ ಮಾತೇ ಇರಲಿಲ್ಲ. ನಿಮ್ಮ ದುಡ್ಡಾದರೂ ಉಳಿಯಲಿ ಅಂತ ಬರೆಯುತ್ತಿದ್ದೇನೆ.

ಸಾಮಾನು ಇದು: ಇನ್‌ಲೈನ್ ಹಾಕಿಗೂ (ಚಕ್ರದ ಸ್ಕೇಟ್ಸ್ ಹಾಕಿಕೊಂಡು ಆಡುವುದು) ಐಸ್ ಹಾಕಿಗೂ ಆಗುವ ಕಾರ್ಬನ್ ಫೈಬರ್ ಕೋಲು. ದೊಡ್ಡವರ ಅಳತೆ, 85 ಫ್ಲೆಕ್ಸ್ (ಕೋಲಿನ ಗಡುಸು), ಬಲಗೈ, ಪಿ28 ಕರ್ವ್ (ಕೆಳತುದಿಯ ಬ್ಲೇಡಿನ ಬಾಗಿನ ಆಕಾರ). ಕಂಪನಿ ಹೆಸರು ಬರೆಯುವುದಿಲ್ಲ. ನನ್ನ ತಕರಾರು ಇರುವುದು ಕರ್ವ್ ಬಗ್ಗೆ, ಆ ಆಕಾರದ ಬ್ಲೇಡನ್ನು ಒಬ್ಬರಲ್ಲ ಒಬ್ಬರು ಎಂಬಂತೆ ಸುಮಾರು ಕಂಪನಿಗಳು ಮಾರುತ್ತವೆ.

ಕಾರವಾರದಲ್ಲಿ ಎಂಥ ಐಸ್ ಹಾಕಿ ಅಂತ ನಗಬೇಡಿ. ನಮ್ಮಲ್ಲಿ ಐಸ್ ಅಂದರೆ ಬೈತಖೋಲದಲ್ಲಿ ಮೀನಿನ ಮೇಲೆ ಸುರಿಯುವುದು, ಗೊತ್ತು. ನಾವು ಆಡುವುದು ಚಕ್ರದ ಮೇಲೆ. ಮಗಳನ್ನು ಸ್ಕೇಟಿಂಗ್ ಕ್ಲಾಸಿಗೆ ಬಿಟ್ಟು ಹೊರಗೆ ಕಟ್ಟೆ ಮೇಲೆ ಮೊಬೈಲ್ ನೋಡುತ್ತಾ ಕೂರುತ್ತಿದ್ದ ಅಪ್ಪಂದಿರು ನಾವು. ಒಂದು ದಿನ ಸುಮ್ನೆ ಕೂರುವುದು ಯಾಕೆ ಅಂತ ಮೂವರು ಸ್ಕೇಟ್ಸ್ ಹಾಕಿಕೊಂಡೆವು, ಮೂವರೂ ಬಿದ್ದೆವು, ಮಕ್ಕಳು ನಕ್ಕರು. ಆಮೇಲೆ ಅರ್ಗಾ ನೌಕಾನೆಲೆಯಲ್ಲಿ ಕೆಲಸ ಮಾಡುವ ಹಿಮಾಚಲದ ಹುಡುಗನೊಬ್ಬ ಬಂದ. ಅವನ ಊರಲ್ಲಿ ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿದರೆ ಮಕ್ಕಳು ಅದರ ಮೇಲೇ ಹಾಕಿ ಆಡುತ್ತಾರಂತೆ. ಅವನು ಎರಡು ಕೋಲು, ಒಂದು ಪಕ್ (ಚೆಂಡಿನ ಬದಲು ಹೊಡೆಯುವ ಗಟ್ಟಿ ಬಿಲ್ಲೆ) ತಂದ. ಗೋಲಿಗೆ ಮೀನಿನ ಪ್ಲಾಸ್ಟಿಕ್ ಕ್ರೇಟ್ ಇಟ್ಟೆವು. ತೊಳೆದು ಇಟ್ಟಿದ್ದೇ ಆದರೂ ಬಂಗಡೆ ವಾಸನೆ ಹೋಗಲಿಲ್ಲ, ಈಗಲೂ ಗೋಲ್ ಹತ್ತಿರ ನಿಂತರೆ ಹಸಿವಾಗುತ್ತದೆ. ಹೀಗೆ ವಾರಕ್ಕೆ ಎರಡು ಸಂಜೆ, ಎಂಟೋ ಹತ್ತೋ ಜನ, ನಾಲ್ಕು ನಾಲ್ಕಾಗಿ ಹಂಚಿಕೊಂಡು ಆಡುತ್ತೇವೆ.

ಈಗ ಕೋಲಿನ ವಿಷಯಕ್ಕೆ ಬರುವ ಮೊದಲು ಒಂದು ಗೊಂದಲ ಬಿಡಿಸಬೇಕು, ಇಲ್ಲದಿದ್ದರೆ ಮುಂದೆ ಹೇಳುವುದು ಒಂದೂ ಅರ್ಥ ಆಗಲ್ಲ.

ನಾವು ಶಾಲೆಯಲ್ಲಿ ಆಡಿದ ಹಾಕಿಯಲ್ಲಿ, ಅಂದರೆ ಕೊಡಗಿನವರು ಊರು ತುಂಬಾ ಆಡುವ ಆ ಹಾಕಿಯಲ್ಲಿ, ಎಡಗೈ ಕೋಲು ಅನ್ನೋದೇ ಇಲ್ಲ. ಎಲ್ಲರದ್ದೂ ಒಂದೇ ಕೋಲು. ಎಡಗಡೆಯ ಮುಖ ಚಪ್ಪಟೆ, ಬಲಗಡೆ ಗುಂಡು, ಆ ಗುಂಡು ಬದಿ ಚೆಂಡಿಗೆ ತಾಗಿದರೆ ಫೌಲ್. ಎಡಚನಾದರೂ ಎಡಗೈ ಮೇಲೆ, ಬಲಗೈ ಕೆಳಗೆ ಹಿಡಿಯಲೇಬೇಕು. ಇನ್‌ಲೈನ್ ಮತ್ತು ಐಸ್ ಹಾಕಿ ಹಾಗಲ್ಲ. ಬ್ಲೇಡಿನ ಎರಡೂ ಮುಖದಿಂದ ಹೊಡೆಯಬಹುದು, ಆದರೆ ಬ್ಲೇಡ್ ಒಂದು ಕಡೆಗೆ ಬಾಗಿರುತ್ತದೆ. ಬಾಗು ಯಾವ ಕಡೆಗೆ ಅನ್ನೋದರ ಮೇಲೆ ಅದು ಎಡಗೈ ಕೋಲು ಅಥವಾ ಬಲಗೈ ಕೋಲು. ಕೆಳಗಿನ ಕೈ ಬಲಗೈ ಆದರೆ ಬಲಗೈ ಕೋಲು. ನೀವು ಬರೆಯುವುದು, ಉಣ್ಣುವುದು ಯಾವ ಕೈಯಲ್ಲಿ ಅನ್ನೋದಕ್ಕೂ ಇದಕ್ಕೂ ಸಂಬಂಧ ಇಲ್ಲ. ಕೆನಡಾದಲ್ಲಿ ಬಲಗೈಯಲ್ಲಿ ಬರೆಯುವ ಎಷ್ಟೋ ಜನ ಎಡಗೈ ಕೋಲನ್ನೇ ಹಿಡಿಯುತ್ತಾರೆ. ಕೋಲನ್ನು ತಿರುಗಿಸುವುದು ಮೇಲಿನ ಕೈ, ಅದು ಜೋರಿರುವ ಕೈ ಆಗಿರಲಿ ಅನ್ನೋದು ಅಲ್ಲಿನ ಲೆಕ್ಕ. ಅಲ್ಲಿನ ದೊಡ್ಡ ಲೀಗ್ ಎನ್‌ಎಚ್‌ಎಲ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಆಟಗಾರರು ಎಡಗೈ ಕೋಲಿನವರು.

ನಮ್ಮಲ್ಲಿ ಉಲ್ಟಾ. ಚಿಕ್ಕಂದಿನಿಂದ ಕ್ರಿಕೆಟ್ ಬ್ಯಾಟ್ ಹಿಡಿದ ಕೈ ನಮ್ಮದು. ಬಲಗೈ ಬ್ಯಾಟ್ಸ್‌ಮನ್‌ಗೆ ಕೆಳಗಿನ ಕೈ ಬಲಗೈ. ಹಾಕಿ ಕೋಲು ಕೊಟ್ಟರೂ ಕೈ ಅದೇ ಜಾಗಕ್ಕೆ ಹೋಗಿ ಕೂರುತ್ತದೆ. ಹಾಗಾಗಿ ನಮ್ಮ ಹತ್ತು ಜನರಲ್ಲಿ ಒಂಬತ್ತು ಜನ ಬಲಗೈ ಕೋಲಿನವರು. ಒಬ್ಬನೇ ಒಬ್ಬ ಎಡಗೈ, ಅವನು ಗೋಲ್ ಹೊಡೆಯೋದು ಬಿಟ್ಟು ಬೇರೇನೂ ಮಾಡಲ್ಲ ಅಂತಾನೆ. ಎನ್‌ಎಚ್‌ಎಲ್ ತಂಡಗಳು ಬಲಗೈ ಬ್ಯಾಕ್ ಸಿಗಲ್ಲ ಅಂತ ಹುಡುಕಾಡುತ್ತವೆ, ಎಡಗೈಯವರನ್ನೇ ಬಲಗಡೆ ನಿಲ್ಲಿಸುತ್ತವೆ. ಡಲ್ಲಾಸ್ ತಂಡದ ಹೈಸ್ಕನೆನ್ ಎಡಗೈ ಕೋಲಿನವನು, ಬಲಗಡೆಯೂ ಸುಮಾರು ಆಡಿದ್ದಾನೆ. ಕಾರವಾರದಲ್ಲಿ ಎಡಗೈ ಬ್ಯಾಕ್ ಸಿಗಲ್ಲ. ಎಡಗಡೆ ಯಾರಾದರೂ ನಿಲ್ಲಬೇಕಲ್ಲ, ತಡವಾಗಿ ಬಂದವನು ನಾನು, ನನ್ನನ್ನು ನಿಲ್ಲಿಸಿದರು. ಮೊದಲ ದಿನ ಹಾಗೆ ನಿಂತವನು ಇವತ್ತಿಗೂ ಅಲ್ಲೇ ನಿಂತಿದ್ದೇನೆ.

ಬಲಗೈ ಕೋಲಿನವನು ಎಡಗಡೆ ಬ್ಯಾಕ್ ಆಗಿ ನಿಂತರೆ ಏನಾಗುತ್ತದೆ? ಎದುರಿನ ಗೋಲ್ ಕಡೆ ಮುಖ ಮಾಡಿ ನಿಂತುಕೊಳ್ಳಿ. ಗೋಡೆ ನಿಮ್ಮ ಎಡಕ್ಕೆ. ಕೋಲಿನ ಬ್ಲೇಡ್ ನಿಮ್ಮ ಬಲಕ್ಕೆ, ಅಂಗಳದ ನಡುವಿನ ಕಡೆಗೆ. ಇದರಲ್ಲಿ ಒಂದು ಸುಖ ಇದೆ, ಒಂದು ಕಷ್ಟ ಇದೆ. ಕೊಂಡಾಗ ನಾನು ನೋಡಿದ್ದು ಸುಖ ಮಾತ್ರ.

ಸುಖ ಏನು ಅಂದರೆ ಹೊಡೆತ. ಜೊತೆಯ ಬ್ಯಾಕ್ ಬಲಗಡೆಯಿಂದ ಪಕ್ ತಳ್ಳಿದರೆ ಅದು ನೇರ ಬಂದು ನನ್ನ ಬ್ಲೇಡಿನ ಮುಂದೆ ಬರುತ್ತದೆ. ನಿಲ್ಲಿಸಬೇಕಾಗಿಲ್ಲ, ತಿರುಗಬೇಕಾಗಿಲ್ಲ, ಬಂದದ್ದನ್ನು ಬಂದ ಹಾಗೇ ಬಾರಿಸಬಹುದು. ಮೈ ಇರುವುದು ಗೋಡೆ ಹತ್ತಿರ, ಬ್ಲೇಡ್ ಇರುವುದು ನಡುವಿನ ಹತ್ತಿರ, ಹಾಗಾಗಿ ಗೋಲ್ ಜಾಸ್ತಿ ತೆರೆದು ಕಾಣುತ್ತದೆ. ಎನ್‌ಎಚ್‌ಎಲ್‌ನ ಒವೆಚ್ಕಿನ್ ಹೊಡೆಯುವುದನ್ನು ನೀವು ನೋಡಿರಬಹುದು. ಅವನು ಬ್ಯಾಕ್ ಅಲ್ಲ, ಫಾರ್ವರ್ಡ್, ಆದರೆ ಲೆಕ್ಕ ಇದೇ: ಬಲಗೈ ಕೋಲು, ಎಡಗಡೆಯ ವೃತ್ತದ ಹತ್ತಿರ ನಿಂತು ಕಾಯುವುದು, ಪಾಸ್ ಬಂದ ತಕ್ಷಣ ಬಾರಿಸುವುದು. ಆ ಲೀಗಿನಲ್ಲಿ ವೇನ್ ಗ್ರೆಟ್ಸ್ಕಿಯ 894 ಗೋಲುಗಳ ದಾಖಲೆಯನ್ನು 2025ರ ಏಪ್ರಿಲ್ 6ರಂದು ಮುರಿದ ಮನುಷ್ಯ, ಎಲ್ಲರಿಗೂ ಗೊತ್ತಿದ್ದ ಆ ಒಂದೇ ಜಾಗದಿಂದ ವರ್ಷಗಟ್ಟಲೆ ಹೊಡೆದ, ಯಾರಿಗೂ ತಡೆಯೋಕೆ ಆಗಲಿಲ್ಲ. ಅವನ ವೀಡಿಯೊ ನೋಡಿ ನೋಡಿಯೇ ನಾನು ಕೆಟ್ಟೆ.

ಪಿ28 ಅಂಥ ಆಸೆಯವರಿಗೇ ಮಾಡಿದ ಕರ್ವ್. ಬ್ಲೇಡಿನ ಬಾಗು ಪೂರ್ತಿ ತುದಿಯ ಹತ್ತಿರ ಇದೆ, ತುದಿ ಸ್ವಲ್ಪ ಮೇಲಕ್ಕೆ ಮುಖ ಮಾಡಿದೆ, ನಮ್ಮ ಅಡುಗೆಮನೆಯ ಸಟ್ಟುಗದ ಹಾಗೆ. ಪಕ್ ತುದಿಯಲ್ಲಿ ಕೂರುತ್ತದೆ, ಮಣಿಕಟ್ಟು ಒಂದು ಸಲ ತಿರುಗಿಸಿದರೆ ಸಾಕು, ಎದ್ದು ಹೋಗುತ್ತದೆ. ಮೊದಲ ವಾರ ಎರಡು ಕ್ರೇಟ್ ಒಡೆದೆ. ನಿಜವಾಗಿ ಒಡೆದೆ, ಹೊಸ ಕ್ರೇಟಿಗೆ ನಾನೇ ದುಡ್ಡು ಕೊಟ್ಟೆ, ಖುಷಿಯಿಂದಲೇ. 85 ಫ್ಲೆಕ್ಸ್ ಕೂಡ ನನಗೆ ಸರಿಯಾಗಿತ್ತು. ಫ್ಲೆಕ್ಸ್ ಅಂದರೆ ಕೋಲು ಒಂದು ಇಂಚು ಬಾಗೋಕೆ ಎಷ್ಟು ಪೌಂಡ್ ಭಾರ ಬೇಕು ಅನ್ನೋ ಅಂದಾಜು. ನಿಮ್ಮ ತೂಕವನ್ನು ಪೌಂಡಿನಲ್ಲಿ ಬರೆದು ಅರ್ಧ ಮಾಡಿ, ಅದರ ಆಸುಪಾಸು ತೆಗೆದುಕೊಳ್ಳಿ ಅಂತ ಹೇಳುತ್ತಾರೆ. ನಾನು 78 ಕೆಜಿ, ಅಂದರೆ 172 ಪೌಂಡ್. ಲೆಕ್ಕ ಕೂಡಿತು. ಕತ್ತರಿಸಿದ ಮೇಲೆ ಸ್ವಲ್ಪ ಗಡುಸಾಯಿತು, ಅದು ಆಗೇ ಆಗುತ್ತದೆ, ಕೊಳ್ಳುವಾಗ ಗಮನದಲ್ಲಿ ಇರಲಿ. ಈಗ ಯೋಚಿಸಿದರೆ ಬ್ಯಾಕ್‌ಗೆ ಉದ್ದ ಇದ್ದಷ್ಟೂ ಒಳ್ಳೆಯದು, ಚಾಚಿ ತಡೆಯೋಕೆ ಆಗುತ್ತದೆ. ಕತ್ತರಿಸುವ ಅವಸರ ಮಾಡಬಾರದಿತ್ತು. ಕೋಡಿಬಾಗದ ಆಚಾರಿ ಕೂಡ "ಸರ, ಒಮ್ಮೆ ಕೊಯ್ದ ಮೇಲೆ ಕೂಡಿಸೂಕೆ ಬರೂದಿಲ್ಲ" ಅಂತ ಹೇಳಿದರು. ಕೇಳಲಿಲ್ಲ. ಅವರು ಗರಗಸದ ಕೆಲಸ ಚೊಕ್ಕ ಮಾಡಿದರು, ಮೇಲಿನ ತೂತಿಗೆ ಮರದ ಬಿರಡೆ ಹೊಡೆದು ಕೊಟ್ಟರು, ಮೂವತ್ತು ರೂಪಾಯಿ ತೆಗೆದುಕೊಂಡರು. ಈ ಪೂರ್ತಿ ವ್ಯವಹಾರದಲ್ಲಿ ಕೊಟ್ಟ ದುಡ್ಡಿಗೆ ತಕ್ಕ ಕೆಲಸ ಆಗಿದ್ದು ಅದೊಂದೇ.

ಕಷ್ಟ ಶುರುವಾಗಿದ್ದು ಗೋಡೆ ಹತ್ತಿರ.

ನಮ್ಮ ಅಂಗಳದ ಸುತ್ತ ಚಿರೇಕಲ್ಲಿನ ಗಿಡ್ಡ ಗೋಡೆ, ಮೇಲೆ ಸಿಮೆಂಟ್ ಗಿಲಾವು. ಎದುರಿನವರು ಪಕ್ಕನ್ನು ಆ ಗೋಡೆಗೆ ಅಂಟಿಸಿ ತಳ್ಳಿದರೆ ಅದು ನನ್ನ ಎಡಕ್ಕೆ ಬರುತ್ತದೆ. ನನ್ನ ಬ್ಲೇಡ್ ಬಲಕ್ಕಿದೆ. ಹಾಗಾದರೆ ಕೋಲನ್ನು ಮೈಗೆ ಅಡ್ಡ ತಂದು ಬ್ಲೇಡಿನ ಹಿಂಬದಿಯಿಂದ, ಅಂದರೆ ಬ್ಯಾಕ್‌ಹ್ಯಾಂಡಿನಿಂದ ಹಿಡಿಯಬೇಕು. ಆ ಹಿಂಬದಿ ಉಬ್ಬಾಗಿದೆ. ಅದೂ ಪಿ28ರಲ್ಲಿ ತುದಿಯ ಉಬ್ಬು ಜಾಸ್ತಿ. ಪಕ್ ಉಬ್ಬಿನ ಮೇಲೆ ನಿಲ್ಲಲ್ಲ, ಕೊಡದ ಮೇಲೆ ಗೋಲಿ ಇಟ್ಟ ಹಾಗೆ ಜಾರುತ್ತದೆ. ಹಿಡಿದರೂ ಪಾಸ್ ಕೊಡುವಾಗ ನೇರ ಹೋಗಲ್ಲ, ಎದ್ದು ಬಿದ್ದು ಹೊರಳಿಕೊಂಡು ಹೋಗುತ್ತದೆ. ಗೋಡೆಯುದ್ದಕ್ಕೆ ಮುಂದೆ ನಿಂತ ನಮ್ಮ ಫಾರ್ವರ್ಡ್‌ಗೆ ಒಂದು ಸಾದಾ ಪಾಸ್ ಕೊಡೋದು ಬ್ಯಾಕ್ ಆದವನ ಮೊದಲ ಕೆಲಸ. ಎಡಗೈಯವನಿಗೆ ಆ ಜಾಗದಲ್ಲಿ ಅದು ಮುಂಗೈ (ಫೋರ್‌ಹ್ಯಾಂಡ್) ಕೆಲಸ, ನನಗೆ ಪ್ರತಿ ಸಲವೂ ಹಿಂಗೈ (ಬ್ಯಾಕ್‌ಹ್ಯಾಂಡ್) ಕೆಲಸ.

ಇನ್ನೊಂದು ತೊಂದರೆ ತಡವಾಗಿ ಗೊತ್ತಾಯಿತು. ಎದುರಿನವನು ಓಡಿ ಬರುವಾಗ ಬ್ಯಾಕ್ ಹಿಂದಕ್ಕೆ ಸರಿಯುತ್ತಾ ಒಂದೇ ಕೈಯಲ್ಲಿ ಕೋಲು ಚಾಚುತ್ತಾನೆ. ಆ ಕೈ ಮೇಲಿನ ಕೈ. ನನಗೆ ಅದು ಎಡಗೈ, ಅಂದರೆ ಗೋಡೆ ಕಡೆಯ ಕೈ. ಕೋಲು ಗೋಡೆಯನ್ನು ಕಾಯುತ್ತದೆ, ನಡುವಿನ ದಾರಿ ತೆರೆದಿರುತ್ತದೆ. ಜಾಣ ಫಾರ್ವರ್ಡ್ ನಡುವಿಗೇ ನುಗ್ಗುತ್ತಾನೆ. ಕೋಲಿನಿಂದ ತಡೆಯುವುದು ಬಿಟ್ಟು ಕಾಲಿನಿಂದ, ಅಂದರೆ ನಿಲ್ಲುವ ಜಾಗದಿಂದ ತಡೆಯಬೇಕು. ಒಂದು ಹೆಜ್ಜೆ ನಡುವಿಗೆ ಸರಿದು ನಿಂತು, ಬೇಕಾದರೆ ಗೋಡೆ ಕಡೆ ಹೋಗು ಅಂತ ದಾರಿ ಬಿಡಬೇಕು. ಇದಕ್ಕೆ ಯಾವ ಕರ್ವೂ ಸಹಾಯ ಮಾಡಲ್ಲ.

ಶಾಲೆ ಹಾಕಿ ಆಡಿದವರಿಗೆ ಇದು ಹೊಸದೇನಲ್ಲ, ನೋಡಿ. ಅಲ್ಲಿ ಎಲ್ಲರೂ ಬಲಗೈಯವರೇ ಆದ್ದರಿಂದ ಪ್ರತಿಯೊಬ್ಬ ಲೆಫ್ಟ್ ಬ್ಯಾಕೂ ನನ್ನ ಸ್ಥಿತಿಯಲ್ಲೇ ಇರುತ್ತಾನೆ. ಅವನ ಎಡಬದಿಯಿಂದ, ರಿವರ್ಸ್ ಸ್ಟಿಕ್ ಕಡೆಯಿಂದ ನುಗ್ಗು ಅಂತ ಪಿಟಿ ಮಾಸ್ತರು ನಮಗೆ ಒಂಬತ್ತನೇ ಕ್ಲಾಸಿನಲ್ಲೇ ಹೇಳಿಕೊಟ್ಟಿದ್ದರು. ನುಗ್ಗಿದ್ದು ನೆನಪಿದೆ. ನುಗ್ಗಿಸಿಕೊಳ್ಳುವವನಿಗೆ ಹೇಗಿರುತ್ತದೆ ಅಂತ ಗೊತ್ತಾಗೋಕೆ ಇಪ್ಪತ್ತೈದು ವರ್ಷ ಬೇಕಾಯಿತು.

ಜನವರಿಯಲ್ಲಿ ಗೋವಾ ಕಡೆಯಿಂದ ಹುಡುಗರು ಸ್ನೇಹದ ಪಂದ್ಯಕ್ಕೆ ಬಂದರು. ಮಾಜಾಳಿ ದಾಟಿದರೆ ಗೋವಾ, ದೊಡ್ಡ ದೂರ ಏನಿಲ್ಲ. ಮೊದಲ ಹತ್ತು ನಿಮಿಷದಲ್ಲಿ ನಾನು ಒಂದು ಗೋಲ್ ಹೊಡೆದೆ, ಬಲಗಡೆಯಿಂದ ಪಾಸ್, ನಿಲ್ಲಿಸದೆ ಬಾರಿಸಿದ್ದು, ಮಗಳು ಕಟ್ಟೆ ಮೇಲೆ ನಿಂತು ಕೂಗಿದಳು. ಆಮೇಲೆ ಅವರಲ್ಲೊಬ್ಬ ಸಣಕಲ ಹುಡುಗ ನನ್ನ ಗುಟ್ಟು ಹಿಡಿದ. ಪಕ್ ಸಿಕ್ಕಿದರೆ ಸಾಕು, ನನ್ನ ಹಿಂದಿನ ಮೂಲೆಗೆ ಎಸೆಯುವುದು, ನನ್ನ ಬೆನ್ನಟ್ಟಿ ಬರುವುದು. ನಾನು ಗೋಡೆ ಹತ್ತಿರ ಹೋಗಿ ಬ್ಯಾಕ್‌ಹ್ಯಾಂಡಿನಲ್ಲಿ ತಡಕಾಡುವುದು, ಅವನು ಬಂದು ಎತ್ತಿಕೊಂಡು ಹೋಗುವುದು. ಮೂರು ಸಲ ಹೀಗಾಯಿತು, ಮೂರರಲ್ಲಿ ಎರಡು ಗೋಲ್. ಮೂರನೆಯದ್ದು ಕ್ರೇಟಿಗೆ ತಾಗಿ ಹೊರಗೆ ಹೋಯಿತು, ದೇವರು ದೊಡ್ಡವನು. ಆಟ ಮುಗಿದ ಮೇಲೆ ಆ ಹುಡುಗ ಬಂದು ಕೈಕುಲುಕಿ, ಅಂಕಲ್ ನಿಮ್ಮ ಶಾಟ್ ಸೂಪರ್ ಅಂದ. ಶಾಟ್ ಮಾತ್ರ.

ಹಿಮಾಚಲದ ಹುಡುಗ ಅವತ್ತು ನನ್ನ ಕೋಲು ಕೈಗೆ ತೆಗೆದುಕೊಂಡು ಬ್ಲೇಡನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದ, ಆಚಾರಿ ರೀಪು ನೋಡುವ ಹಾಗೆ. ಸರ್, ಇದು ಫಾರ್ವರ್ಡ್ ಕೋಲು, ನೀವು ಗೋಡೆ ಕಡೆ ಅರ್ಧ ಆಟ ಹಿಂಗೈಯಲ್ಲೇ ಆಡುತ್ತೀರಿ, ನಿಮಗೆ ಹಿಂಬದಿ ಚಪ್ಪಟೆ ಇರುವುದು ಬೇಕು ಅಂದ. ಇಷ್ಟು ದಿನ ಯಾಕೆ ಹೇಳಲಿಲ್ಲ ಮಾರಾಯಾ ಅಂದರೆ, ನೀವು ಕೇಳಲಿಲ್ಲ ಸರ್ ಅಂದ. ಅವನಿಗೆ ವರ್ಗ ಆಗಿ ಮಾರ್ಚಿನಲ್ಲಿ ಹೋಗುವಾಗ ತನ್ನ ಹಳೆಯ ಕೋಲು ನನಗೆ ₹2,500ಕ್ಕೆ ಕೊಟ್ಟ. ಪಿ88 ಕರ್ವ್, ಅದೂ ಬಲಗೈ. ಬಾಗು ಬ್ಲೇಡಿನ ನಡುವಿನಲ್ಲಿದೆ, ಆಳ ಇಲ್ಲ, ಮುಖವೂ ಅಷ್ಟು ಮೇಲಕ್ಕೆ ತೆರೆದಿಲ್ಲ. ನೋಡೋಕೆ ಸಪ್ಪೆ. ಗೋಡೆ ಹತ್ತಿರ ಮಾತ್ರ ಬೇರೆಯೇ ಲೋಕ: ಪಕ್ ಬಂದು ಹಿಂಬದಿಗೆ ತಾಗಿ ನಿಲ್ಲುತ್ತದೆ, ತಳ್ಳಿದರೆ ನೇರ ಹೋಗುತ್ತದೆ. ಹೊಡೆತ ಮೊದಲಿನಷ್ಟು ಏಳಲ್ಲ, ಕ್ರೇಟ್ ಒಡೆದಿಲ್ಲ ಆಮೇಲೆ. ಪರವಾಗಿಲ್ಲ. ಹೊಡೆಯೋ ಅವಕಾಶ ಒಂದು ಸಂಜೆಗೆ ನಾಲ್ಕು ಸಲ ಬಂದರೆ ಗೋಡೆ ಕೆಲಸ ನಲವತ್ತು ಸಲ ಬರುತ್ತದೆ. ಕೊಳ್ಳುವ ಮೊದಲು ನಾನು ಮಾಡಬೇಕಿದ್ದ ಲೆಕ್ಕ ಇದು, ಮಾಡಲಿಲ್ಲ.

ಹಾಗಂತ ಕೋಲು ಬದಲಾಯಿಸಿದ ಕೂಡಲೇ ಎಲ್ಲ ಸರಿಯಾಯಿತು ಅಂತಲ್ಲ. ಅವನು ಹೋಗುವ ಮೊದಲು ಎರಡು ಸಂಜೆ ಕೂತು, ಅಲ್ಲ ನಿಂತು, ಹೇಳಿಕೊಟ್ಟ. ಮೂಲೆಗೆ ಹೋಗುವ ಮೊದಲೇ ಹೆಗಲ ಮೇಲಿಂದ ಹಿಂದೆ ನೋಡಬೇಕು, ಬೆನ್ನಟ್ಟಿ ಬರುವವನು ಯಾವ ಕಡೆಯಿಂದ ಬರುತ್ತಿದ್ದಾನೆ ಅಂತ. ಸಮಯ ಇದ್ದರೆ ಪಕ್ಕಿನ ಆಚೆಗೆ ಹೋಗಿ ಗೋಡೆಗೆ ಬೆನ್ನು ಕೊಟ್ಟು ತಿರುಗಬೇಕು, ಆಗ ಮುಂಗೈ ಅಂಗಳದ ಕಡೆ ತೆರೆಯುತ್ತದೆ. ಸಮಯ ಇಲ್ಲದಿದ್ದರೆ ಹೀರೊ ಆಗೋಕೆ ಹೋಗದೆ ಗೋಲಿನ ಹಿಂದಿನಿಂದ ಜೊತೆಯ ಬ್ಯಾಕ್‌ಗೆ ತಳ್ಳಿಬಿಡಬೇಕು. ಇಷ್ಟೇ. ಕಲಿಯೋಕೆ ಎರಡು ಸಂಜೆ ಸಾಕು, ಕಾಲಿಗೆ ಬರೋಕೆ ಎರಡು ತಿಂಗಳು ಬೇಕು. ಐಸ್ ಹಾಕಿಯ ದೊಡ್ಡ ದೊಡ್ಡವರೂ ತಮ್ಮದಲ್ಲದ ಬದಿಯಲ್ಲಿ ಆಡಿದ್ದಾರೆ. ಬಾಬಿ ಆರ್ ಎಡಗೈ ಕೋಲಿನವನು, ಬಾಸ್ಟನ್ ತಂಡದಲ್ಲಿ ನಿಲ್ಲುತ್ತಿದ್ದುದು ಬಲಗಡೆ. 1970ರ ಮೇ 10ರ ಫೈನಲ್‌ನಲ್ಲಿ ಗೋಲ್ ಹೊಡೆದು ಗಾಳಿಯಲ್ಲಿ ಅಡ್ಡಡ್ಡ ಹಾರಿದ ಫೋಟೊ ಇದೆಯಲ್ಲ, ಅವನೇ. ಹಾರೋದಕ್ಕೆ ಮೊದಲು ಅವನು ಮಾಡಿದ್ದು ಬಲಗಡೆಯ ಗೋಡೆ ಹತ್ತಿರ ಮುನ್ನುಗ್ಗಿ ಪಕ್ ಹೊರಗೆ ಹೋಗದ ಹಾಗೆ ತಡೆದದ್ದು. ಫೋಟೊದಲ್ಲಿ ಗೋಡೆ ಕೆಲಸ ಕಾಣಲ್ಲ.

ಇನ್ನು ಕೋಲಿನ ಬಾಳಿಕೆ. ಐಸ್ ಮೇಲೆ, ಒಳ್ಳೆಯ ನುಣುಪು ನೆಲದ ಮೇಲೆ ಈ ಕಾರ್ಬನ್ ಬ್ಲೇಡ್ ಬಾಳುತ್ತದೇನೋ. ನಮ್ಮ ಸಿಮೆಂಟ್ ನೆಲ ಉಪ್ಪುಕಾಗದ. ಮೂರೇ ತಿಂಗಳಿಗೆ ಬ್ಲೇಡಿನ ಕೆಳಗಿನ ಅಂಚು ಸವೆದು ಒಳಗಿನ ಎಳೆ ಕಾಣೋಕೆ ಶುರುವಾಯಿತು. ಟೇಪ್ ಸುತ್ತಿದರೆ ಟೇಪ್ ಒಂದು ಸಂಜೆಗೆ ಹರಿಯುತ್ತದೆ. ಸಿಮೆಂಟಿನ ಮೇಲೆ ಆಡುವವರು ಗಟ್ಟಿ ಪ್ಲಾಸ್ಟಿಕ್ ಬ್ಲೇಡಿನ ಮರದ ಕೋಲು ತೆಗೆದುಕೊಳ್ಳಿ. ತೂಕ ಜಾಸ್ತಿ, ಶಾಟ್ ಕಡಿಮೆ, ದುಡ್ಡು ಕಾಲು ಭಾಗ, ಸವೆಯೋದು ನಿಧಾನ. ಎಳೆ ಎದ್ದ ಕಾರ್ಬನ್ ಬ್ಲೇಡನ್ನು ಬರಿಗೈಯಲ್ಲಿ ಸವರಬೇಡಿ, ಚೂರು ಚುಚ್ಚಿದರೆ ತೆಗೆಯೋದು ಕಷ್ಟ. ನಾನು ಸೂಜಿ, ಭೂತಕನ್ನಡಿ ಹಿಡಿದು ಅರ್ಧ ರಾತ್ರಿ ಕೂತಿದ್ದೇನೆ.

ಕಾರ್ಬನ್ ಬಗ್ಗೆ ನನಗಿಂತ ಜಾಸ್ತಿ ಗೊತ್ತಿದ್ದವರು ಶಿರಸಿಯ ಮಾವ. ಯುಗಾದಿಗೆ ಹೋಗುವಾಗ ಕೋಲು ಕಾರಿನಲ್ಲೇ ಇತ್ತು. ಅಂಗಳದಲ್ಲಿ ಅದನ್ನು ನೋಡಿ "ಇದೆಂತದಾ ತಮಾ, ದೋಟಿ ತುಂಡಾ?" ಅಂದರು. ಅವರು ಎರಡು ವರ್ಷದಿಂದ ಅಡಿಕೆ ಕೊನೆ ಇಳಿಸೋದು ಕಾರ್ಬನ್ ಫೈಬರ್ ದೋಟಿಯಲ್ಲೇ. ಕೈಯಲ್ಲಿ ತೂಗಿ, ಬೆರಳಿನಿಂದ ತಟ್ಟಿ ಸದ್ದು ಕೇಳಿ, ನೆಲಕ್ಕೊತ್ತಿ ಬಗ್ಗಿಸಿ ನೋಡಿ, ಮಾಲು ಒಳ್ಳೆಯದೇ ಅಂತ ತೀರ್ಪು ಕೊಟ್ಟರು. ಬೆಲೆ ಕೇಳಿ ಮಾತ್ರ ಕವಳದ ತಟ್ಟೆ ಕೆಳಗಿಟ್ಟರು. "ಐದಡಿಗೆ ಏಳು ಸಾವ್ರವಾ?" ಆಮೇಲೆ ಬ್ಲೇಡಿನ ಸವೆದ ಅಂಚಿಗೆ ದೋಟಿ ರಿಪೇರಿಗೆ ಇಟ್ಟುಕೊಂಡಿದ್ದ ಎರಡು ಟ್ಯೂಬಿನ ಅಂಟನ್ನು ಕಲಸಿ ಹಚ್ಚಿ, ರಾತ್ರಿಯಿಡೀ ಒಣಗಲು ಅಟ್ಟದ ಮೇಲೆ ಇಟ್ಟರು. ಆ ರಿಪೇರಿ ಜೂನ್ ತನಕ ಬಂತು. ಜೊತೆಗೆ ಒಂದು ಎಚ್ಚರಿಕೆಯನ್ನೂ ಕೊಟ್ಟರು: ಕಾರ್ಬನ್ನಿನಲ್ಲಿ ಕರೆಂಟ್ ಹರಿಯುತ್ತದೆ, ವಯರಿನ ಹತ್ತಿರ ಎತ್ತಬೇಡ. ಹಾಕಿ ಆಡುವಾಗ ವಯರಿಗೆ ತಾಗಿಸುವಷ್ಟು ನಾನು ಎತ್ತರ ಎತ್ತಲ್ಲ ಮಾವ ಅಂದೆ. ಅತ್ತೆ ಒಳಗಿನಿಂದ ನಕ್ಕರು.

ಕರಾವಳಿಯವರಿಗೆ ಒಂದು ಮಾತು ಸೇರಿಸಬೇಕು. ಉಪ್ಪು ಗಾಳಿಗೆ ಕೋಲಿಗೆ ಏನೂ ಆಗಲ್ಲ, ಅದು ಈ ಕಾರ್ಬನ್ನಿನ ದೊಡ್ಡ ಗುಣ. ಮರದ ಕೋಲು ನಮ್ಮ ಮಳೆಗಾಲದಲ್ಲಿ ತೇವ ಕುಡಿದು ಭಾರ ಆಗುತ್ತದೆ. ತುಕ್ಕು ಹಿಡಿಯುವುದು ಸ್ಕೇಟಿನ ಬೇರಿಂಗ್. ಆಟ ಮುಗಿದ ದಿನವೇ ಒರೆಸಿ ಒಂದು ಹನಿ ಎಣ್ಣೆ ಬಿಡದಿದ್ದರೆ ಮುಂದಿನ ವಾರ ಚಕ್ರ ತಿರುಗಲ್ಲ, ಕಿರುಗುಟ್ಟುತ್ತದೆ. ಹಿಡಿಕೆಗೆ ಹಾಕುವ ಬಟ್ಟೆ ಟೇಪಿನ ಅಂಟು ಏಪ್ರಿಲ್ ಬೆವರಿಗೆ ಕರಗಿ ಕೈಗೆ ಮೆತ್ತುತ್ತದೆ. ನಾನು ಅದನ್ನು ಕಿತ್ತು ಕ್ರಿಕೆಟ್ ಬ್ಯಾಟಿನ ರಬ್ಬರ್ ಗ್ರಿಪ್ ಹಾಕಿದೆ, ಆರಾಮ. ಜೂನ್ ಎರಡನೇ ವಾರಕ್ಕೆ ಅಂಗಳದಲ್ಲಿ ಪಾಚಿ ಬಂತು, ಆಟ ನಿಂತಿತು. ಈಗ ಮಳೆ ನೋಡುತ್ತಾ ಇದನ್ನು ಬರೆಯುತ್ತಿದ್ದೇನೆ.

ಮಾರಿದವರ ಬಗ್ಗೆಯೂ ಹೇಳಬೇಕಲ್ಲ. ಆನ್‌ಲೈನ್ ಅಂಗಡಿ, ಹೆಸರು ಬೇಡ. ಕೋಲು ಬಂದದ್ದು ಹನ್ನೊಂದು ದಿನಕ್ಕೆ, ಹುಬ್ಬಳ್ಳಿಯಲ್ಲೇ ನಾಲ್ಕು ದಿನ ಕೂತಿತ್ತು. ಅದು ದೊಡ್ಡ ದೂರಲ್ಲ, ಘಟ್ಟ ಇಳಿದು ಬರೋಕೆ ಎಲ್ಲಕ್ಕೂ ತಡ ಆಗುತ್ತದೆ, ನಮಗೆ ಅಭ್ಯಾಸ. ಪ್ಯಾಕಿಂಗ್ ಗಟ್ಟಿಯಾಗಿತ್ತು, ಬ್ಲೇಡಿಗೆ ಬೇರೆ ರಟ್ಟು ಸುತ್ತಿದ್ದರು, ಅದಕ್ಕೆ ಪೂರ್ತಿ ಅಂಕ. ಸಿಟ್ಟು ಬರುವುದು ಅವರ ಅಳತೆ ಪಟ್ಟಿಯ ಮೇಲೆ. ಯಾವ ಕೈಯಲ್ಲಿ ಬರೆಯುತ್ತೀರೋ ಆ ಕೈಯ ಕೋಲು ತೆಗೆದುಕೊಳ್ಳಿ ಅಂತ ಅಲ್ಲಿ ಬರೆದಿದೆ. ನನಗೆ ಅದು ಅದೃಷ್ಟದಿಂದ ಕೂಡಿಬಂತು. ನಮ್ಮ ಗುಂಪಿನ ಆ ಒಬ್ಬ ಎಡಗೈಯವನು ಬರೆಯುವುದು ಬಲಗೈಯಲ್ಲಿ, ಬ್ಯಾಟ್ ಮಾಡುವುದು ಎಡಗೈಯಲ್ಲಿ. ಪಟ್ಟಿ ನಂಬಿ ಬಲಗೈ ಕೋಲು ತರಿಸಿದ. ವಾಪಸ್ ಕಳಿಸೋಣ ಅಂದರೆ ನಿಮ್ಮ ಪಿನ್‌ಕೋಡಿಗೆ ಪಿಕಪ್ ಇಲ್ಲ, ನೀವೇ ಕೊರಿಯರ್ ಮಾಡಿ ಅಂದರು. ಐದಡಿ ಉದ್ದದ ಪಾರ್ಸಲ್‌ಗೆ ಇಲ್ಲಿಯ ಕೊರಿಯರ್‌ನವನು ಹೇಳಿದ ದುಡ್ಡಿಗೆ ಒಳ್ಳೆಯ ಇಸೋಣ ಮೀನು ತಂದು ಎರಡು ದಿನ ಉಣ್ಣಬಹುದು. ಮೇಲೆ, ಬಲಗೈ ಎಡಗೈ ಎರಡಕ್ಕೂ ಒಂದೇ ಫೋಟೊ ಹಾಕಿದ್ದಾರೆ. ಕರ್ವ್ ಬಗ್ಗೆ ಇರುವುದು ಬರೀ ಆ ಅಕ್ಷರ ಮತ್ತು ಅಂಕಿ. ಯಾರಿಗೆ, ಯಾವ ಜಾಗಕ್ಕೆ ಅಂತ ಒಂದು ಸಾಲು ಇಲ್ಲ.

ಕೈ ಯಾವುದು ಅಂತ ತಿಳಿಯೋಕೆ ಪಟ್ಟಿಯೂ ಬೇಡ, ವೀಡಿಯೊನೂ ಬೇಡ. ಮನೆಯ ಕಸಬರಿಗೆಯಲ್ಲ, ಉದ್ದ ಹಿಡಿಯ ಮಾಪ್ ತೆಗೆದುಕೊಂಡು ನೆಲದ ಮೇಲಿನ ಒಂದು ಲಿಂಬೆಹಣ್ಣನ್ನು ಬಾಗಿಲ ಕಡೆ ಜೋರಾಗಿ ತಳ್ಳಿ. ಯೋಚನೆ ಮಾಡದೆ ಯಾವ ಕೈ ಕೆಳಗೆ ಹೋಯಿತೋ ಅದು ನಿಮ್ಮ ಕೋಲು. ಆಮೇಲೆ ನೀವು ಯಾವ ಬದಿಗೆ ನಿಲ್ಲುತ್ತೀರಿ ನೋಡಿ. ನಿಮ್ಮದೇ ಬದಿ ಸಿಕ್ಕಿದೆ, ಅಥವಾ ನೀವು ಫಾರ್ವರ್ಡ್, ಹಾಗಾದರೆ ಪಿ28 ಧೈರ್ಯವಾಗಿ ತೆಗೆದುಕೊಳ್ಳಿ, ಈ ಬೆಲೆಗೆ ಶಾಟ್ ಅದ್ಭುತ, ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ನನ್ನ ಹಾಗೆ ತಪ್ಪು ಬದಿಗೆ ಬಿದ್ದ ಬ್ಯಾಕ್ ಆದರೆ ಐದಕ್ಕೆ ಎರಡು. ಆ ಎರಡೂ ಶಾಟಿಗೇ.

ನನ್ನ ಪಿ28 ಈಗ ಮಲ್ಲಾಪುರದ ಕಡೆಯಿಂದ ಬರುವ ಫಾರ್ವರ್ಡ್ ಒಬ್ಬನ ಹತ್ತಿರ ಇದೆ. ₹4,000ಕ್ಕೆ ಮಾತಾಗಿತ್ತು, ಮಾವನ ಅಂಟಿನ ರಿಪೇರಿ ಸೇರಿ. ಅವನು ಅದರಲ್ಲಿ ನನಗಿಂತ ಚೆನ್ನಾಗಿ ಹೊಡೆಯುತ್ತಾನೆ, ಒಪ್ಪುತ್ತೇನೆ. ಅವನು ಕೊಟ್ಟಿದ್ದು ₹3,000. ಇದನ್ನು ಓದಿದರೆ ಉಳಿದದ್ದನ್ನು ಮಳೆ ಬಿಡುವುದರೊಳಗೆ ಕಳಿಸು ಮಾರಾಯಾ, ಬೇರಿಂಗ್ ತರಿಸಬೇಕು.